ಹೊಳೆ ಒಂದೇ, ಕಚೇರಿ ಹಲವು: ಉತ್ತರ ಕನ್ನಡದ ಓದುಗರ ಪ್ರಶ್ನೆಗಳಿಗೆ ಉತ್ತರ

ಉತ್ತರ ಕನ್ನಡ ಜಿಲ್ಲೆಯ ಹೊಳೆ, ಜಮೀನು, ಕಚೇರಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವುಗಳ ಗೋಳು ಒಂದೇ ಬಗೆಯದು. ಘಟ್ಟದ ನೀರು ಸಮುದ್ರ ಸೇರುವಷ್ಟರಲ್ಲಿ ಎರಡು ಮೂರು ತಾಲೂಕು, ಐದಾರು ಇಲಾಖೆ ದಾಟಿರುತ್ತದೆ. ತೊಂದರೆಯಾದಾಗ ಯಾವ ಬಾಗಿಲು ತಟ್ಟಬೇಕೆಂದು ಯಾರೂ ಸರಿಯಾಗಿ ಹೇಳುವುದಿಲ್ಲ.

ಪ್ರಶ್ನೆ: ಬೇಡ್ತಿ, ಗಂಗಾವಳಿ ಒಂದೇ ನದಿಯೇ? ಶಾಲ್ಮಲಾ ಧಾರವಾಡದ್ದೋ ಶಿರಸಿಯದ್ದೋ? ಮಕ್ಕಳಿಗೆ ಹೇಳಿಕೊಡುವಾಗ ಗೊಂದಲವಾಗುತ್ತದೆ.
– ಶಿಕ್ಷಕಿ, ಕಲಘಟಗಿ

ಉತ್ತರ: ಒಂದೇ ಹೊಳೆ. ಘಟ್ಟದ ಮೇಲೆ ಅದು ಬೇಡ್ತಿ, ಇಳಿದು ಅಂಕೋಲಾ ಸೀಮೆಗೆ ಬಂದ ಮೇಲೆ ಗಂಗಾವಳಿ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳವನ್ನು ನಿಮ್ಮ ಕಲಘಟಗಿ ಸೀಮೆಯಲ್ಲೇ ಕೂಡಿಕೊಳ್ಳುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹರಿದು ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಸುಮಾರು 180 ಮೀಟರ್ ಕೆಳಗೆ ಧುಮುಕುತ್ತದೆ. ಸಹಸ್ರಲಿಂಗ ಇರುವ ಶಾಲ್ಮಲಾ ಬೇರೆ, ಅದು ಶಿರಸಿ ತಾಲೂಕಿನ ಹೊಳೆ. ಹೆಸರು ಒಂದೇ ಆದರೂ ಮೂಲ ಎರಡು. ಅದೂ ಕೊನೆಗೆ ಬೇಡ್ತಿಯನ್ನೇ ಸೇರುವುದರಿಂದ ಗೊಂದಲ ಹೆಚ್ಚಾಗಿದೆ.

ಉತ್ತರದಿಂದ ದಕ್ಷಿಣಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಭಟ್ಕಳದ ಪುಟ್ಟ ವೆಂಕಟಾಪುರ ಹೊಳೆ ಎಂದು ಬರೆಸಿ. ಕಾಳಿ ಮತ್ತು ಅಘನಾಶಿನಿ ಹುಟ್ಟಿದಲ್ಲಿಂದ ಕಡಲವರೆಗೆ ಇದೇ ಜಿಲ್ಲೆಯವು. ಗಂಗಾವಳಿ ಧಾರವಾಡದಿಂದ, ಶರಾವತಿ ಶಿವಮೊಗ್ಗದಿಂದ ಬರುತ್ತವೆ. ಪಠ್ಯದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಇನ್ನೊಂದು ಸಂಗತಿ ಇದೆ: ಜಿಲ್ಲೆಯ ನೀರೆಲ್ಲ ಪಶ್ಚಿಮಕ್ಕೆ ಹೋಗುವುದಿಲ್ಲ. ಬನವಾಸಿ ಕಡೆಯ ಮಳೆ ವರದೆಗೆ, ಮುಂಡಗೋಡಿನ ಧರ್ಮಾ ಹೊಳೆಯ ನೀರೂ ವರದೆಗೆ. ಅಲ್ಲಿಂದ ತುಂಗಭದ್ರೆ, ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಶಿರಸಿ ತಾಲೂಕಿನ ನೀರು ಎರಡೂ ಸಮುದ್ರಕ್ಕೆ ಹೋಗುತ್ತದೆ.

ಪ್ರಶ್ನೆ: ಕದ್ರಾ ಅಣೆಕಟ್ಟೆಯಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಡುತ್ತಾರೆಂದು ಮಳೆಗಾಲದಲ್ಲಿ ಮೊಬೈಲಿಗೆ ಸಂದೇಶ ಬರುತ್ತದೆ. ಒಮ್ಮೆ ಅಂಗಳಕ್ಕೆ ನೀರು ನುಗ್ಗುತ್ತದೆ, ಇನ್ನೊಮ್ಮೆ ಅಷ್ಟೇ ಬಿಟ್ಟರೂ ಬರುವುದಿಲ್ಲ. ಸಂದೇಶವನ್ನು ಹೇಗೆ ಓದಬೇಕು?
– ಕಾಳಿ ದಂಡೆಯ ನಿವಾಸಿ, ಕಾರವಾರ ತಾಲೂಕು

ಉತ್ತರ: ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಅದು ಹರಿವಿನ ವೇಗದ ಲೆಕ್ಕವೇ ಹೊರತು ಒಟ್ಟು ನೀರಿನ ಲೆಕ್ಕವಲ್ಲ. 11,574 ಕ್ಯೂಸೆಕ್ ಇಡೀ ದಿನ ಹರಿದರೆ 1 ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. 50 ಸಾವಿರ ಕ್ಯೂಸೆಕ್ಕನ್ನು ಆರು ತಾಸು ಬಿಟ್ಟರೂ ಹೆಚ್ಚುಕಮ್ಮಿ ಅಷ್ಟೇ ನೀರಾಗುತ್ತದೆ, ಆದರೆ ದಂಡೆಯ ಮನೆಗೆ ಎರಡೂ ಒಂದೇ ಅಲ್ಲ. ಆದ್ದರಿಂದ ಸಂದೇಶದಲ್ಲಿ ಎಷ್ಟು ಎನ್ನುವುದರ ಜತೆ ಎಷ್ಟು ಹೊತ್ತು, ಯಾವಾಗಿನಿಂದ ಎಂಬುದನ್ನೂ ನೋಡಿ. ಗೇಟಿನ ನೀರು ಮತ್ತು ವಿದ್ಯುದಾಗಾರದ ನೀರನ್ನು ಕೂಡಿಸಿ ಹೇಳಿದ್ದಾರೋ ಬೇರೆಬೇರೆಯೋ ಎಂಬುದನ್ನೂ ಗಮನಿಸಿ. ಕದ್ರಾದಲ್ಲಿ 50 ಮೆಗಾವಾಟಿನ ಮೂರು ಯಂತ್ರಗಳಿವೆ. ಮೂರೂ ಪೂರ್ತಿ ಓಡಿದರೆ ಗೇಟು ಮುಚ್ಚಿದ್ದರೂ ಸುಮಾರು 20 ಸಾವಿರ ಕ್ಯೂಸೆಕ್ ಹೊಳೆಗೆ ಬರುತ್ತದೆ.

ಅಷ್ಟೇ ನೀರು ಒಮ್ಮೆ ಅಂಗಳಕ್ಕೆ ಬಂದು ಇನ್ನೊಮ್ಮೆ ಬಾರದಿರುವುದಕ್ಕೆ ಮುಖ್ಯ ಕಾರಣ ಕಡಲಿನ ಭರತ, ಅಂದರೆ ಉಬ್ಬರ. ಕಾರವಾರದ ಕಡಲಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ–ಇಳಿತದ ಅಂತರ ಸುಮಾರು 2 ಮೀಟರ್ ಇರುತ್ತದೆ. ಕಾಳಿಯ ಕೆಳಹರಿವು ತೀರಾ ಸಪಾಟಾದ್ದರಿಂದ ಭರತ ಏರಿರುವಾಗ ಮೇಲಿನ ನೀರಿಗೆ ಇಳಿಯಲು ದಾರಿ ಸಿಗದೆ ಹೊಳೆ ಒಳನಾಡಿನಲ್ಲಿ ಉಬ್ಬುತ್ತದೆ. ಅಷ್ಟೇ ನೀರನ್ನು ಅಷ್ಟಮಿಯ ದಿನ ಇಳಿತದ ಹೊತ್ತಿನಲ್ಲಿ ಬಿಟ್ಟರೆ ಸಲೀಸಾಗಿ ಕೊಡಿಬಾಗ ದಾಟಿ ಹೋಗುತ್ತದೆ. ಎರಡು ಭರತಗಳ ನಡುವೆ ಸುಮಾರು 12 ತಾಸು 25 ನಿಮಿಷ. ಅಂದರೆ ದಿನದಿಂದ ದಿನಕ್ಕೆ ಭರತ ಸುಮಾರು 50 ನಿಮಿಷ ತಡವಾಗುತ್ತದೆ. ಮೀನುಗಾರರ ಮನೆಯಲ್ಲಿ ಕೇಳಿದರೆ ಪಂಚಾಂಗ ನೋಡದೆಯೇ ಹೊತ್ತು ಹೇಳುತ್ತಾರೆ.

ಎರಡನೆಯ ಕಾರಣ ಅಣೆಕಟ್ಟೆಗಳ ಸರಪಳಿ. ಮೇಲೆ ಸೂಪಾ ಇದೆ, ಸುಮಾರು 145 ಟಿಎಂಸಿ ಹಿಡಿಯುವ ದೊಡ್ಡ ಜಲಾಶಯ. ಕೆಳಗಿನ ಕೊಡಸಳ್ಳಿ, ಕದ್ರಾ ಅದರ ಮುಂದೆ ಚಿಕ್ಕವು. ಸೂಪಾದ ಗೇಟು ತೆರೆಯುವುದೇ ಅಪರೂಪ. ‘ಸೂಪಾ ಇನ್ನೂ ತುಂಬಿಲ್ಲ, ಹೆದರಿಕೆ ಇಲ್ಲ’ ಎಂಬ ಮಾತು ಪ್ರತಿ ಮಳೆಗಾಲದಲ್ಲೂ ಕೇಳಿಬರುತ್ತದೆ, ಅದು ತಪ್ಪು. ನಿಮ್ಮ ಮನೆಗೆ ಬರುವುದು ಸೂಪಾದ ಕೆಳಗಿನ ಕಾಡಿಗೆ ಬಿದ್ದ ಮಳೆ. ಅದು ಕೊಡಸಳ್ಳಿ, ಕದ್ರಾಗಳನ್ನು ಕೆಲವೇ ತಾಸಿನಲ್ಲಿ ತುಂಬಿಸಬಲ್ಲದು. ಕದ್ರಾದ ಗರಿಷ್ಠ ಮಟ್ಟ 34.50 ಮೀಟರ್. 2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಗಳಲ್ಲಿ ಕೆಳಗಿನ ಊರುಗಳು ಮುಳುಗಿದ ಮೇಲೆ, ಮಳೆಗಾಲದಲ್ಲಿ ಈ ಮಟ್ಟಕ್ಕಿಂತ ಕೆಳಗೇ ನೀರು ನಿಲ್ಲಿಸಿಕೊಳ್ಳಬೇಕೆಂಬ ಒತ್ತಾಯ ಬಲವಾಯಿತು. ಖಾಲಿ ಬಿಟ್ಟ ಆ ಒಂದೆರಡು ಮೀಟರೇ ನಿಮಗೆ ಸಿಗುವ ಸಮಯ.

ಗೇಟು ನಡೆಸುವುದು ಕರ್ನಾಟಕ ವಿದ್ಯುತ್ ನಿಗಮ. ಜನರನ್ನು ಸ್ಥಳಾಂತರಿಸುವುದು, ಕಾಳಜಿ ಕೇಂದ್ರ ತೆರೆಯುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕೆಲಸ. ‘ಯಾಕೆ ಬಿಟ್ಟಿರಿ’ ಎಂದು ತಹಶೀಲ್ದಾರರನ್ನೂ, ‘ಬೋಟು ಯಾವಾಗ ಬರುತ್ತದೆ’ ಎಂದು ಅಣೆಕಟ್ಟೆಯವರನ್ನೂ ಕೇಳಿದರೆ ಉತ್ತರ ಸಿಗುವುದಿಲ್ಲ. ತುರ್ತಿಗೆ ಜಿಲ್ಲಾ ನಿಯಂತ್ರಣ ಕೊಠಡಿ 1077 ಅಥವಾ 112. ನಿಗಮದ ಎಚ್ಚರಿಕೆ ಒಂದನೇ, ಎರಡನೇ, ಮೂರನೇ ಎಂದು ಹಂತ ಹಂತವಾಗಿ ಬರುತ್ತದೆ. ಒಂದನೇದು ಬಂದಾಗ ಯಾರೂ ಅಲುಗಾಡುವುದಿಲ್ಲ. ದನ ಬಿಚ್ಚುವುದು, ಭತ್ತದ ಮೂಟೆ ಅಟ್ಟಕ್ಕೇರಿಸುವುದು, ಪಂಪಿನ ಮೋಟಾರು ಕಳಚಿ ತರುವುದು ಆಗಲೇ ಆಗಬೇಕು. ಮೂರನೇದರ ಹೊತ್ತಿಗೆ ಕೆಳಗಿನ ರಸ್ತೆಯ ಮೋರಿ ಮುಳುಗಿರುತ್ತದೆ.

ಮನೆಯ ಕಂಬದ ಮೇಲೆ ಪ್ರತಿ ನೆರೆಯ ನೀರಿನ ಗುರುತು ಹಾಕಿ, ಪಕ್ಕದಲ್ಲಿ ಮೂರು ಸಂಗತಿ ಬರೆದಿಡಿ: ಕ್ಯೂಸೆಕ್, ತಿಥಿ, ಗಂಟೆ. ಮೂರ್ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಅಂಗಳದ ಮಟ್ಟಿಗೆ ಯಾವ ನಕ್ಷೆಯೂ ಹೇಳದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಪ್ರಶ್ನೆ: ನಮ್ಮ ಗಜನಿಯ ಕಟ್ಟೆ ಒಡೆದು ಉಪ್ಪುನೀರು ನುಗ್ಗುತ್ತಿದೆ. ಪಂಚಾಯಿತಿ ‘ನಮ್ಮದಲ್ಲ’ ಎನ್ನುತ್ತದೆ. ಯಾರದು? ಕಗ್ಗ ಬಿತ್ತುವ ಮೊದಲು ಏನು ಮಾಡಬೇಕು?
– ರೈತ, ಕುಮಟಾ ತಾಲೂಕು

ಉತ್ತರ: ಗಜನಿ ಎಂದರೆ ಹೊಳೆ ಕಡಲು ಸೇರುವ ಕಡೆಯ ಉಪ್ಪುನೀರಿನ ತಗ್ಗು ಗದ್ದೆ, ಕಗ್ಗ ಅಲ್ಲಿ ಬೆಳೆಯುವ ಭತ್ತ. ಹೊರಗಿನ ಕಾಯಂ ಕಟ್ಟೆ ಉಪ್ಪುನೀರು ತಡೆಯಲು ಮಾಡಿದ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯದಾದರೆ ಅದು ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದು. ಗಜನಿಯ ಒಳಗಿನ ಬದು, ಕಾಲುವೆ, ತೂಬಿನ ಹಲಗೆ ರೈತರ ಪಾಲಿನವು. ಅರ್ಜಿಯನ್ನು ಸಣ್ಣ ನೀರಾವರಿಯ ಸಹಾಯಕ ಕಾರ್ಯಪಾಲಕ ಎಂಜಿನಿಯರರಿಗೆ ಕೊಟ್ಟು, ಪ್ರತಿಯನ್ನು ತಹಶೀಲ್ದಾರರಿಗೆ ಕಳಿಸಿ. ಅರ್ಜಿಯಲ್ಲಿ ಸರ್ವೆ ನಂಬರುಗಳು, ಒಡೆದ ಜಾಗದ ಉದ್ದ ಎಷ್ಟು ಮೀಟರ್, ಇಳಿತದಲ್ಲಿ ತೆಗೆದ ಫೋಟೋ, ಭರತದಲ್ಲಿ ತೆಗೆದ ಫೋಟೋ ಇರಲಿ. ಭರತದ ಫೋಟೋ ಇಲ್ಲದಿದ್ದರೆ ಸ್ಥಳ ನೋಡಲು ಇಳಿತದಲ್ಲಿ ಬಂದ ಎಂಜಿನಿಯರರಿಗೆ ಒಣ ಮಣ್ಣಷ್ಟೇ ಕಾಣುತ್ತದೆ.

ಕಟ್ಟೆ ಒಡೆಯುವುದು ದೊಡ್ಡ ನೆರೆಯಿಂದಲೇ ಎಂದು ತಿಳಿಯಬೇಡಿ. ಬಹಳ ಸಲ ಶುರುವಾಗುವುದು ಏಡಿ ಬಿಲದಿಂದ. ಬಿಲದಲ್ಲಿ ಜಿನುಗಿದ ನೀರು ದಿನಕ್ಕೆ ಎರಡು ಭರತದಂತೆ ಮಣ್ಣು ಕೊರೆದು, ಒಂದು ಅಮಾವಾಸ್ಯೆಗೆ ಗಂಡಿ ಬೀಳುತ್ತದೆ. ಇಳಿತದ ಹೊತ್ತಿನಲ್ಲಿ ಕಟ್ಟೆಯ ಒಳಮೈ ನೋಡುತ್ತ ನಡೆಯಿರಿ. ಒದ್ದೆ ಮಚ್ಚೆ ಕಂಡಲ್ಲಿ ಬಿಲವನ್ನು ಅಗೆದು ಬುಡದವರೆಗೆ ಬಿಡಿಸಿ, ಜಿಗುಟು ಮಣ್ಣನ್ನು ಪದರ ಪದರವಾಗಿ ತುಳಿದು ತುಂಬಿ. ಮೇಲಿಂದ ಮುಚ್ಚಿದರೆ ಸಾಲದು, ಏಡಿ ಪಕ್ಕದಲ್ಲೇ ಇನ್ನೊಂದು ದಾರಿ ಮಾಡುತ್ತದೆ. ಕಟ್ಟೆಯ ಹೊರಮೈಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯಬೇಡಿ. ಕಾನೂನಿನ ತೊಡಕು ಒಂದು ಕಡೆ, ತೆರೆಯ ಪೆಟ್ಟು ಮುರಿಯುವುದೇ ಆ ಬೇರು.

ಬಿತ್ತನೆಗೆ ಮೊದಲಿನ ಕೆಲಸ ಉಪ್ಪು ತೊಳೆಯುವುದು. ಕಗ್ಗ ಉಪ್ಪು ತಾಳುತ್ತದೆ ನಿಜ, ಆದರೆ ಮೊಳಕೆಯ ಹಂತದಲ್ಲಿ ಅದಕ್ಕೂ ಸಿಹಿನೀರು ಬೇಕು. ಜೂನಿನ ಮೊದಲ ಜೋರು ಮಳೆ ಗದ್ದೆಯಲ್ಲಿ ನಿಲ್ಲಲಿ, ಇಳಿತದಲ್ಲಿ ತೂಬು ತೆರೆದು ಬಿಡಿ, ಭರತ ಏರುವ ಮೊದಲು ಹಲಗೆ ಇಳಿಸಿ. ಹೀಗೆ ಕೆಲವು ಸಲ ತೊಳೆದ ಮೇಲೆ ಮೊಳಕೆ ಕಟ್ಟಿದ ಬೀಜ ಚೆಲ್ಲಬೇಕು. ಇಲ್ಲೇ ಜಗಳ ಹುಟ್ಟುವುದು. ಕೊಯ್ಲಿನ ನಂತರ ಸಿಗಡಿ, ಮೀನಿಗೆ ಗಜನಿ ಗುತ್ತಿಗೆ ಹಿಡಿದವರಿಗೆ ಉಪ್ಪುನೀರು ಎಷ್ಟು ದಿನ ನಿಂತರೆ ಅಷ್ಟು ಲಾಭ. ಮೇ ಕಳೆದರೂ ತೂಬಿನ ಹಲಗೆ ಬಿಟ್ಟುಕೊಡುವುದಿಲ್ಲ. ಗುತ್ತಿಗೆ ಕರಾರಿನಲ್ಲೇ ತೂಬು ಬಿಟ್ಟುಕೊಡುವ ತಾರೀಖು, ತಪ್ಪಿದರೆ ದಿನಕ್ಕೆ ಇಷ್ಟು ದಂಡ ಎಂದು ಬರೆಸಿ. ಬಾಯಿಮಾತಿನ ಕರಾರಿನಿಂದ ಕಗ್ಗ ಬಿಟ್ಟುಹೋದ ಗಜನಿಗಳು ಅಘನಾಶಿನಿ ದಂಡೆಯಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ನೆರೆಯಿಂದ ಗದ್ದೆಯಲ್ಲಿ ಮರಳು ತುಂಬಿದೆ, ಅಡಿಕೆಯೂ ಹೋಗಿದೆ. ಪರಿಹಾರ ಒಂದೇ ಅರ್ಜಿಯಲ್ಲಿ ಸಿಗುತ್ತದೆಯೇ?
– ಅಂಕೋಲಾ

ಉತ್ತರ: ಬೆಳೆ ಹೋದದ್ದು, ಮರಳು ತುಂಬಿದ್ದು, ಜಮೀನೇ ಕೊಚ್ಚಿ ಹೋದದ್ದು ಮೂರೂ ಬೇರೆಬೇರೆ ಬಾಬ್ತು. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ದರದಂತೆ ಬೆಳೆಗೆ ಹೆಕ್ಟೇರಿಗೆ ಮಳೆಯಾಶ್ರಿತವಾದರೆ 8,500, ನೀರಾವರಿಯಾದರೆ 17,000, ಅಡಿಕೆಯಂಥ ಬಹುವಾರ್ಷಿಕಕ್ಕೆ 22,500 ರೂಪಾಯಿ. ಹಾನಿ ಶೇ 33 ಅಥವಾ ಹೆಚ್ಚಿರಬೇಕು, ಮಿತಿ 2 ಹೆಕ್ಟೇರ್. ಹೂಳು, ಮರಳು 3 ಇಂಚಿಗಿಂತ ದಪ್ಪ ಕುಳಿತಿದ್ದರೆ ತೆಗೆಯಲು ಹೆಕ್ಟೇರಿಗೆ 18,000. ಹೊಳೆ ದಿಕ್ಕು ಬದಲಿಸಿ ಜಮೀನು ಹೋದರೆ 47,000. ಈ ಕೊನೆಯ ಎರಡು ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ. ರಾಜ್ಯ ಸರ್ಕಾರ ಕೆಲವು ವರ್ಷ ಮೇಲೆ ಸೇರಿಸಿ ಕೊಟ್ಟದ್ದೂ ಉಂಟು.

ಮರಳಿನ ದಪ್ಪ ತೋರಿಸಲು ಗದ್ದೆಯ ನಾಲ್ಕಾರು ಕಡೆ ಹಳೆಯ ಮಣ್ಣು ಕಾಣುವವರೆಗೆ ಅಗೆದು, ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಜಂಟಿ ಸಮೀಕ್ಷೆಗೆ ಕಂದಾಯ, ಕೃಷಿ, ತೋಟಗಾರಿಕೆಯವರು ಬರುವ ಮೊದಲೇ ಮರಳು ತೆಗೆಸಿದರೆ ಆ ಬಾಬ್ತು ಹೋಯಿತೆಂದೇ ಲೆಕ್ಕ.

ದುಡ್ಡು ಬಾರದಿರಲು ದೊಡ್ಡ ಕಾರಣ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿರುವುದು. ಪರಿಹಾರ ಈಗ ಪಹಣಿ, ರೈತ ನೋಂದಣಿ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಈ ಮೂರೂ ಹೊಂದಿದರಷ್ಟೇ ಜಮೆಯಾಗುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ) ಅರ್ಜಿ ಹಾಕುವ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಪ್ರಶ್ನೆ: ನಮ್ಮ ಪಹಣಿಯಲ್ಲಿ ‘0-12-08’ ಎಂದಿದೆ. ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ ಮಾರಬಹುದೇ?
– ಬೆಂಗಳೂರಿನಲ್ಲಿರುವ ಶಿರಸಿಯವರು

ಉತ್ತರ: ಎಕರೆ–ಗುಂಟೆ–ಆಣೆ. 40 ಗುಂಟೆ ಒಂದು ಎಕರೆ, 16 ಆಣೆ ಒಂದು ಗುಂಟೆ, ಗುಂಟೆಗೆ 1,089 ಚದರಡಿ. ನಿಮ್ಮದು ಹನ್ನೆರಡೂವರೆ ಗುಂಟೆ, ಅಂದರೆ 13,612 ಚದರಡಿ ಚಿಲ್ಲರೆ. 12.08 ಎಂದು ದಶಮಾಂಶವಾಗಿ ಓದಿ ಕ್ರಯಪತ್ರ ಬರೆಸಿಕೊಂಡವರು ಅರ್ಧ ಗುಂಟೆಗಾಗಿ ಕೋರ್ಟಿಗೆ ಹೋಗಿದ್ದಾರೆ.

ಬೆಟ್ಟ ಮಾರಲು ಬರುವುದಿಲ್ಲ. ಬ್ರಿಟಿಷ್ ಕಾಲದಲ್ಲಿ ಪ್ರತಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬಿಟ್ಟುಕೊಟ್ಟ ಸವಲತ್ತು ಅದು, ಒಡೆತನವಲ್ಲ. ಸೊಪ್ಪು, ದರಕು (ಒಣ ಎಲೆ), ಹುಲ್ಲು, ಮನೆ ಬಳಕೆಯ ಸೌದೆ ನಿಮ್ಮದು, ನೆಲ ಸರ್ಕಾರದ್ದು. ಪಹಣಿಯ 9ನೇ ಕಾಲಂ ಒಡೆಯನ ಹೆಸರು, 11ನೇ ಕಾಲಂ ಇತರ ಹಕ್ಕು ಮತ್ತು ಋಣ. ಬೆಟ್ಟದ ವಿಷಯ ನೋಡುವಾಗ ಮೊದಲು ಈ ಎರಡನ್ನು ಹೋಲಿಸಿ. ತೋಟ ಕೊಳ್ಳುವವರಿಗೆ ‘ಇಷ್ಟು ಎಕರೆ ಬೆಟ್ಟವೂ ಉಂಟು’ ಎಂದು ಹೇಳಿ ಬೆಲೆ ಏರಿಸುವ ದಲ್ಲಾಳಿಗಳಿದ್ದಾರೆ, ಎಚ್ಚರ.

ಪ್ರಶ್ನೆ: ಅರಣ್ಯ ಹಕ್ಕು ಅರ್ಜಿ ‘75 ವರ್ಷದ ದಾಖಲೆ ಇಲ್ಲ’ ಎಂದು ತಿರಸ್ಕಾರವಾಗಿದೆ. ಮುಂದೇನು?
– ಸಿದ್ದಾಪುರ

ಉತ್ತರ: ನೀವು ಪರಿಶಿಷ್ಟ ಪಂಗಡದವರಲ್ಲ ಎಂದುಕೊಂಡು ಉತ್ತರಿಸುತ್ತೇವೆ. 2006ರ ಕಾಯ್ದೆಯಂತೆ ಎರಡು ಸಂಗತಿ ತೋರಿಸಬೇಕು: 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಜಾಗ ನಿಮ್ಮ ಅನುಭವದಲ್ಲಿದೆ, ಅದಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ನಿಮ್ಮವರು ಅರಣ್ಯವನ್ನು ನೆಚ್ಚಿ ಬಾಳಿದ್ದಾರೆ. ಎರಡನೆಯದಕ್ಕೆ ಇದೇ ತುಂಡು ಜಾಗದ 75 ವರ್ಷದ ಕಾಗದ ಬೇಕೆಂದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ಬರೆದವರೂ ತಪ್ಪು ಮಾಡಿದ್ದಾರೆ, ತಿರಸ್ಕರಿಸಿದವರೂ ಮಾಡಿದ್ದಾರೆ.

ಸಾಕ್ಷ್ಯ ಒಂದಕ್ಕಿಂತ ಹೆಚ್ಚು ಇರಬೇಕು. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ನಿಯಮದಲ್ಲೇ ಹೇಳಿದ ಸಾಕ್ಷ್ಯ. ಹಳೆಯ ಶಾಲಾ ದಾಖಲಾತಿ, ಮತದಾರರ ಪಟ್ಟಿ, ಅರಣ್ಯ ಇಲಾಖೆ ಹಾಕಿದ ಅತಿಕ್ರಮಣ ಕೇಸಿನ ಪ್ರತಿ, ಮನೆ ಬುಡದ ಹಳೆಯ ಬಾವಿ, ಸಮಾಧಿ, ದೇವರ ಕಟ್ಟೆ ಎಲ್ಲವೂ ನಡೆಯುತ್ತವೆ. ದಂಡ ಕಟ್ಟಿದ ಹಳೇ ರಸೀದಿಯನ್ನು ನಾಚಿಕೆಯಿಂದ ಬಚ್ಚಿಡುವವರಿದ್ದಾರೆ, ಅದೇ ಒಳ್ಳೆಯ ಪುರಾವೆ. ಉಪಗ್ರಹ ಚಿತ್ರ ಪೂರಕವೇ ಹೊರತು ಉಳಿದವಕ್ಕೆ ಬದಲಿಯಲ್ಲ.

ತಿರಸ್ಕಾರವನ್ನು ಕಾರಣ ಸಹಿತ ಲಿಖಿತವಾಗಿ ಕೊಡಲೇಬೇಕು. ಕೊಟ್ಟಿಲ್ಲವಾದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಗ್ರಾಮಸಭೆಯ ತೀರ್ಮಾನದ ಮೇಲೆ 60 ದಿನದೊಳಗೆ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಮೇಲ್ಮನವಿ. ಪರಿಶೀಲನೆ ಪೂರ್ತಿಯಾಗುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ಹಕ್ಕುಪತ್ರ ಸಿಕ್ಕರೆ ಗರಿಷ್ಠ 4 ಹೆಕ್ಟೇರ್, ಅನುಭವದಲ್ಲಿದ್ದಷ್ಟಕ್ಕೆ ಮಾತ್ರ. ಗಂಡ–ಹೆಂಡತಿ ಇಬ್ಬರ ಹೆಸರಿನಲ್ಲಿ. ಮಕ್ಕಳಿಗೆ ಬರುತ್ತದೆ, ಮಾರಲು ಬಾರದು.

ಪ್ರಶ್ನೆ: ಒಂದು ಹೊಳೆಗೆ ಒಬ್ಬ ಅಧಿಕಾರಿ ಏಕಿಲ್ಲ?
– ಹೊನ್ನಾವರ

ಉತ್ತರ: ಇರಬೇಕಿತ್ತು. ಸದ್ಯಕ್ಕೆ ನಿಮ್ಮ ಶರಾವತಿಯನ್ನೇ ನೋಡಿ: ಗೇರುಸೊಪ್ಪೆಯ ಗೇಟು ವಿದ್ಯುತ್ ನಿಗಮದ್ದು, ಹೊಳೆಯ ಪಾತ್ರ ಕಂದಾಯ ಇಲಾಖೆಯದು, ಕಾಂಡ್ಲಾ ಅರಣ್ಯದ್ದು, ಮೀನು ಮೀನುಗಾರಿಕೆಯದು, ಹೊಳೆ ಕಡಲು ಸೇರುವ ಅಳಿವೆ ಬಾಯಿ ಬಂದರು ಇಲಾಖೆಯದು, ಹೆದ್ದಾರಿ ಸೇತುವೆ ಹೆದ್ದಾರಿ ಪ್ರಾಧಿಕಾರದ್ದು, ಊರ ಸೇತುವೆ ಲೋಕೋಪಯೋಗಿಯದು. ಅಳಿವೆಯ ಮರಳು ದಿಬ್ಬ ತೆಗೆಯಲು ಜಿಲ್ಲಾಧಿಕಾರಿ ನೇತೃತ್ವದ ಏಳು ಜನರ ಸಮಿತಿ ಒಪ್ಪಬೇಕು, ಅದೂ ಸಾಂಪ್ರದಾಯಿಕವಾಗಿ ದೋಣಿಯಲ್ಲಿ, ಯಂತ್ರ ಇಳಿಸದೆ. ಇವರೆಲ್ಲರೂ ಒಂದೇ ಮೇಜಿಗೆ ಬರುವುದು ಜಿಲ್ಲಾಧಿಕಾರಿ ಸಭೆ ಕರೆದಾಗ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು, ಎದುರು ದಂಡೆಯ ಉಳುವರೆ ಊರಿಗೆ ನೀರು ನುಗ್ಗಿತು. ಗುಡ್ಡ, ರಸ್ತೆ, ಹೊಳೆ ಮೂರರ ಲೆಕ್ಕ ಮೂರು ಕಡೆ ಇದ್ದರೆ ಏನಾಗುತ್ತದೆಂದು ಆಗ ಇಡೀ ರಾಜ್ಯ ನೋಡಿತು.

ಪ್ರಶ್ನೆ: ಘಟ್ಟದ ಮೇಲಿನವರು ಎಲ್ಲಕ್ಕೂ ಕಾರವಾರಕ್ಕೇ ಹೋಗಬೇಕೆ?
– ಮುಂಡಗೋಡ

ಉತ್ತರ: ಎಲ್ಲಕ್ಕೂ ಬೇಡ. ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಸಾರಿಗೆ ಸಂಸ್ಥೆಯ ವಿಭಾಗ ಶಿರಸಿಯಲ್ಲಿದೆ. ಕೆನರಾ ಅರಣ್ಯ ವೃತ್ತದ ಮುಖ್ಯ ಕಚೇರಿಯೂ ಅಲ್ಲೇ. ಭೂ ವ್ಯಾಜ್ಯದ ಮೇಲ್ಮನವಿ ಶಿರಸಿ ಉಪವಿಭಾಗಾಧಿಕಾರಿ ಮುಂದೆ. ವಾಹನ ನೋಂದಣಿಗೆ ಜಿಲ್ಲೆಯಲ್ಲಿ ನಾಲ್ಕು ಸಂಕೇತಗಳಿವೆ: ಕಾರವಾರ ಕೆಎ 30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ, ಪೊಲೀಸ್ ವರಿಷ್ಠಾಧಿಕಾರಿ ಮಾತ್ರ ಕಾರವಾರ. ಹೈಕೋರ್ಟಿಗೆ ಧಾರವಾಡ ಪೀಠ, ಅದು ನಿಮಗೆ ಕಾರವಾರಕ್ಕಿಂತ ಹತ್ತಿರ. 10 ಸಾವಿರ ಚದರ ಕಿ.ಮೀ. ದಾಟಿದ, 12 ತಾಲೂಕಿನ ಜಿಲ್ಲೆಯ ಕೇಂದ್ರ ಗೋವಾ ಗಡಿಯ ಮೂಲೆಯಲ್ಲಿರುವುದೇ ಶಿರಸಿ ಜಿಲ್ಲೆಯ ಬೇಡಿಕೆಗೆ ಕಾರಣ.

ಪ್ರಶ್ನೆ: ಬಯಲುಸೀಮೆಯ ಒಂದು ಪಂಚಾಯಿತಿಯಷ್ಟು ಜನ ನಮ್ಮಲ್ಲಿಲ್ಲ. ಆದರೂ ಪ್ರತ್ಯೇಕ ಪಂಚಾಯಿತಿ ಹೇಗೆ?
– ಜೋಯಿಡಾ

ಉತ್ತರ: ಪಂಚಾಯತ್ ರಾಜ್ ಕಾಯ್ದೆಯಂತೆ ಸಾಮಾನ್ಯವಾಗಿ ಒಂದು ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನ ಇರಬೇಕು. ಉತ್ತರ ಕನ್ನಡವೂ ಸೇರಿ ಮಲೆನಾಡು, ಕರಾವಳಿಯ ಕೆಲವು ಜಿಲ್ಲೆಗಳಿಗೆ 2,500 ಸಾಕು. ಜನ ಅದಕ್ಕಿಂತ ಕಡಿಮೆಯಿದ್ದರೂ ಊರ ಮಧ್ಯದಿಂದ 5 ಕಿ.ಮೀ. ತ್ರಿಜ್ಯದೊಳಗಿನ ಪ್ರದೇಶವನ್ನು ಪಂಚಾಯಿತಿಯೆಂದು ಘೋಷಿಸಲು ಸರ್ಕಾರಕ್ಕೆ ಅಧಿಕಾರವಿದೆ. ಪುನರ್‌ವಿಂಗಡಣೆಯ ಕರಡು ಬಂದಾಗ ಆಕ್ಷೇಪಣೆಯಲ್ಲಿ ಜನಸಂಖ್ಯೆಯ ಬದಲು ದೂರ ಬರೆಯಿರಿ: ಮಜರೆಯಿಂದ ಪಂಚಾಯಿತಿ ಕಚೇರಿಗೆ ರಸ್ತೆಯಲ್ಲಿ ಎಷ್ಟು ಕಿ.ಮೀ., ನಡುವೆ ಮಳೆಗಾಲದಲ್ಲಿ ದಾಟಲಾಗದ ಹಳ್ಳ ಎಷ್ಟು, ಬಸ್ಸು ದಿನಕ್ಕೆ ಎಷ್ಟು. ಜತೆಗೆ ಮಜರೆವಾರು ಮನೆಗಳ ಪಟ್ಟಿ ಲಗತ್ತಿಸಿ, ಕರಡಿನಲ್ಲಿ ಕೊಟ್ಟ ಗಡುವಿನೊಳಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.